ಮನೆಯ ಹಿರಿಯರು ಮಾತು ಕಡಿಮೆ ಮಾಡಿದರೆ

"ಬೇರೇನೂ ತೊಂದರೆ ಇಲ್ಲ ಡಾಕ್ಟರೇ, ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾರೆ. ವಯಸ್ಸಾಯಿತಲ್ಲ."

ಬಾಗಲಕೋಟೆಯ ನವನಗರದ ನನ್ನ ದವಾಖಾನೆಯಲ್ಲಿ ಈ ಮಾತು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಬಿ.ಪಿ. ನೋಡಿ ಆಗಿರುತ್ತದೆ, ಸಕ್ಕರೆಯ ಮಾತ್ರೆ ಬರೆದು ಆಗಿರುತ್ತದೆ, ತಂದೆಯನ್ನೋ ತಾಯಿಯನ್ನೋ ಕೈಹಿಡಿದು ಎಬ್ಬಿಸುತ್ತಾ ಮಕ್ಕಳು ಹೇಳುತ್ತಾರೆ. ನಾನು ಅವರನ್ನು ಮತ್ತೆ ಕೂರಿಸುತ್ತೇನೆ. ಅರವತ್ತೈದು, ಎಪ್ಪತ್ತು ವಯಸ್ಸು ಯಾರ ಬಾಯನ್ನೂ ಕಟ್ಟುವುದಿಲ್ಲ. ಕಟ್ಟಿದ್ದು ಬೇರೆ ಏನೋ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಬಹಳಷ್ಟು ಸಲ ಅದಕ್ಕೆ ಚಿಕಿತ್ಸೆಯೂ ಇರುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1964ರೊಳಗೆ ಹುಟ್ಟಿದವರನ್ನು ಅಮೆರಿಕದಲ್ಲಿ ಬೇಬಿ ಬೂಮರ್ ಪೀಳಿಗೆ ಎನ್ನುತ್ತಾರೆ. ಅಲ್ಲಿ ಅದು ಸಮೃದ್ಧಿಯ ಕಾಲದಲ್ಲಿ ಬೆಳೆದ ಪೀಳಿಗೆ. ನಮ್ಮಲ್ಲಿ ಅದೇ ವರ್ಷಗಳಲ್ಲಿ ಹುಟ್ಟಿದವರ ಕಥೆ ಬೇರೆ. ಇವರಲ್ಲಿ ಹಿರಿಯರು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ ಕಣ್ಣುಬಿಟ್ಟು, 1956ರ ಏಕೀಕರಣವನ್ನು ಮಕ್ಕಳಾಗಿ ಕಂಡವರು. ತಾರುಣ್ಯದಲ್ಲಿ 1972ರ ಬರ ಬಂತು. ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊತ್ತವರು ಈಗಲೂ ನನ್ನ ರೋಗಿಗಳಲ್ಲಿದ್ದಾರೆ. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಅಂದರೆ ಇವರಲ್ಲಿ ಕೊನೆಯವರು ಹುಟ್ಟಿದ ವರ್ಷ. ಅದರ ಹಿನ್ನೀರು ಹೊಲ ಮನೆಗಳಿಗೆ ಬಂದಾಗ ಇವರೆಲ್ಲ ನಡುವಯಸ್ಸಿನ ಸಂಸಾರಸ್ಥರು. ಇಷ್ಟೆಲ್ಲ ಕಂಡವರು ತಮ್ಮ ಕಿವಿ ಮಂದವಾಯಿತು, ಮನಸ್ಸು ಕುಗ್ಗಿತು ಎಂದು ಹೇಳಿಕೊಳ್ಳುವುದಿಲ್ಲ. ಸಹಿಸುವುದೇ ಇವರಿಗೆ ಬದುಕು ಕಲಿಸಿದ ವಿದ್ಯೆ. ಆದ್ದರಿಂದ ಕೇಳುವ ಕೆಲಸ ನಮ್ಮದು.

ಮೊದಲು ಗಮನಿಸಬೇಕಾದದ್ದು ಬದಲಾವಣೆಯ ವೇಗ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಮಂಕಾಗಿದ್ದರೆ, ಹಗಲಲ್ಲಿ ತೂಕಡಿಸಿ ರಾತ್ರಿ ಏನೇನೋ ಮಾತನಾಡುತ್ತಿದ್ದರೆ, ಮನೆಯವರ ಗುರುತು ತಪ್ಪುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಸಕ್ಕರೆ ಕುಸಿದಿರುವುದು, ನ್ಯುಮೋನಿಯಾ, ಪಾರ್ಶ್ವವಾಯು, ಇವು ಯಾವುದೂ ಆಗಿರಬಹುದು. ವಯಸ್ಸಾದವರಲ್ಲಿ ಸೋಂಕಿಗೆ ಜ್ವರ ಬರಲೇಬೇಕೆಂದಿಲ್ಲ. ಶ್ರಾವಣದಲ್ಲಿ ಇಂಥವರನ್ನು ಹೆಚ್ಚು ನೋಡುತ್ತೇನೆ: ಉಪವಾಸ ಮಾಡಿರುತ್ತಾರೆ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂದಿನಂತೆಯೇ ನುಂಗಿರುತ್ತಾರೆ.

ತಿಂಗಳುಗಟ್ಟಲೆ ನಿಧಾನವಾಗಿ ಬಂದ ಮೌನದ ಬಗೆ ಬೇರೆ. ಅಲ್ಲಿ ನಾನು ಮೊದಲು ಕಿವಿ ನೋಡುತ್ತೇನೆ.

ರಬಕವಿ-ಬನಹಟ್ಟಿಯ ಕಡೆಯಿಂದ ಒಬ್ಬ ಹಿರಿಯರು ಬಂದಿದ್ದರು. ಹರೆಯದಿಂದಲೂ ವಿದ್ಯುತ್ ಮಗ್ಗಗಳ ನಡುವೆ ದುಡಿದವರು. ಮರೆವಿನ ಕಾಯಿಲೆ ಶುರುವಾಗಿದೆ ಎಂಬುದು ಮಗನ ತೀರ್ಮಾನ: ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆ, ಹೇಳಿದ್ದು ನೆನಪಿರುವುದಿಲ್ಲ, ನಾಲ್ಕು ಜನ ಸೇರಿದರೆ ಎದ್ದು ಹೋಗುತ್ತಾರೆ. ಮಗನನ್ನು ಹೊರಗೆ ಕೂರಿಸಿ, ಫ್ಯಾನ್ ನಿಲ್ಲಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ನಿಧಾನವಾಗಿ ಮಾತಾಡಿಸಿದೆ. ಆ ವಾರದ ನೂಲಿನ ದರ ಹೇಳಿದರು, ಮೊಮ್ಮಗಳ ಪರೀಕ್ಷೆ ಯಾವ ದಿನ ಎಂದು ಹೇಳಿದರು, ತಮ್ಮ ಮಾತ್ರೆಗಳ ಬಣ್ಣ ಹೇಳಿದರು. ನೆನಪು ಗಟ್ಟಿಯಾಗಿತ್ತು. ಮಗ ಹೇಳಿದ್ದು ಅವರನ್ನು ತಲುಪಿಯೇ ಇರಲಿಲ್ಲ.

ವಯಸ್ಸಿನಿಂದಾಗಲಿ ಸದ್ದಿನಿಂದಾಗಲಿ ಕಿವಿ ಮಂದವಾಗುವಾಗ ಎಲ್ಲ ಸದ್ದೂ ಒಟ್ಟಿಗೆ ಕಡಿಮೆಯಾಗುವುದಿಲ್ಲ. ಒಳಗಿವಿಯಲ್ಲಿ ಏರುಸ್ವರವನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಮೊದಲು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಆಗ ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರುತ್ತವೆ. ಹಾಲು, ಸಾಲು, ಕಾಲು ಎಲ್ಲವೂ ಒಂದೇ ಆಗುತ್ತವೆ. ಹೆಂಗಸರ ಮತ್ತು ಮಕ್ಕಳ ಧ್ವನಿ ಮೊದಲು ಅಸ್ಪಷ್ಟವಾಗುತ್ತದೆ. "ಬೇಕಾದಾಗ ಕೇಳಿಸುತ್ತದೆ, ನಾನು ಕರೆದರೆ ಮಾತ್ರ ಕೇಳಿಸುವುದಿಲ್ಲ" ಎಂದು ಸೊಸೆ ಬೇಸರಿಸುತ್ತಾಳೆ. ಅವಳು ಹೇಳುವುದು ನಿಜ, ಮಾವನದು ತಪ್ಪಲ್ಲ. ಎರಡು ಸಲ "ಏನು?" ಎಂದು ಕೇಳಿ, ಮೂರನೆಯ ಸಲ ಎದುರಿನವರ ಮುಖದಲ್ಲಿ ಅಸಹನೆ ಕಂಡ ಮನುಷ್ಯ ಮುಂದೆ ಸುಮ್ಮನೆ ತಲೆಯಾಡಿಸಲು ಕಲಿಯುತ್ತಾನೆ. ಹಾಗೆ ತಲೆಯಾಡಿಸುವ ಹಿರಿಯರು ನಮ್ಮ ಎಷ್ಟು ಮನೆಗಳಲ್ಲಿದ್ದಾರೆ ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಕೂಗಬೇಡಿ, ಕೂಗಿದರೆ ಸದ್ದು ಹೆಚ್ಚುತ್ತದೆ, ಮಾತು ಇನ್ನಷ್ಟು ಕೆಡುತ್ತದೆ. ಟಿ.ವಿ. ಆರಿಸಿ, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ಕುಳಿತು, ಸ್ವಲ್ಪ ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದು ವೈದ್ಯರಿಂದ ನೋಡಿಸಿ. ಅಷ್ಟರಿಂದಲೇ ಕಿವಿ ತೆರೆದ ಸಂದರ್ಭಗಳಿವೆ. ಆಮೇಲೆ ಶ್ರವಣ ಪರೀಕ್ಷೆ, ಅಗತ್ಯವಿದ್ದರೆ ಶ್ರವಣ ಸಾಧನ. ಸಾಧನ ಹಾಕಿದ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಬಸ್ಸಿನ ಹಾರ್ನ್ ಎಲ್ಲವೂ ತಲೆಗೆ ಬಡಿಯುತ್ತವೆ, ಅದು ಕಪಾಟು ಸೇರುವುದು ಆಗಲೇ. ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ, ಹೊಂದಿಸಲು ಎರಡು ಮೂರು ಸಲವಾದರೂ ಮರಳಿ ಹೋಗಿ. ಒಂದು ಕಿವಿ ಒಮ್ಮೆಲೇ ಕೇಳಿಸದಾದರೆ ಮಾತ್ರ ಕಾಯಬೇಡಿ, ಅದು ತುರ್ತು. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ತಿದ್ದಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಶ್ರವಣದೋಷ, ಸರಿಪಡಿಸದ ದೃಷ್ಟಿದೋಷ, ಖಿನ್ನತೆ, ಜನಸಂಪರ್ಕವಿಲ್ಲದ ಬದುಕು ನಾಲ್ಕೂ ಅದರಲ್ಲಿವೆ.

ಕಿವಿಯ ನಂತರ ಬಾಯಿ. ನಮ್ಮ ಭಾಗದಲ್ಲಿ ಹಲ್ಲು ಹೋಯಿತೆಂದರೆ ಊಟದ ತಾಟೇ ಬದಲಾಗುತ್ತದೆ. ಖಡಕ್ ರೊಟ್ಟಿ ಹೋಗುತ್ತದೆ, ಅದರ ಹಿಂದೆಯೇ ಕಾಳುಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಎಲ್ಲವೂ ಹೋಗುತ್ತವೆ. ಉಳಿಯುವುದು ಮೆತ್ತನೆಯ ಅನ್ನ, ತಿಳಿಸಾರು, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಸಕ್ಕರೆ ಏರುತ್ತದೆ, ಸ್ನಾಯು ಕರಗುತ್ತದೆ, ಮಲಬದ್ಧತೆ ಅಂಟಿಕೊಳ್ಳುತ್ತದೆ. ಜೊತೆಗೆ, ಎಲ್ಲರೊಡನೆ ಕುಳಿತು ಉಣ್ಣಲು ಸಂಕೋಚ: ತಮ್ಮದು ತಡವಾಗುತ್ತದೆ, ಬಾಯಿಂದ ಚೆಲ್ಲುತ್ತದೆ ಎಂದು ಹಿರಿಯರು ಒಬ್ಬರೇ ಉಣ್ಣಲು ಆರಂಭಿಸುತ್ತಾರೆ. ಹಲ್ಲಿನ ಸೆಟ್ಟು ಮಾಡಿಸಲು ಮಕ್ಕಳು ಹಿಂದೆ ಮುಂದೆ ನೋಡಬಾರದು. ಅದಾಗುವವರೆಗೆ ನಮ್ಮ ಅಡುಗೆಯಲ್ಲೇ ದಾರಿಗಳಿವೆ. ಬಿಸಿರೊಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ತುಪ್ಪ ಹಾಕಿ ಕುಟ್ಟಿದ ಮುಟಗಿ. ಜೋಳದ ನುಚ್ಚಿಗೆ ಮಜ್ಜಿಗೆ. ನುಣ್ಣಗೆ ಬೆಂದ ಹೆಸರುಕಾಳು. ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಗಟ್ಟಿ ಮೊಸರು. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹತೂಕದ ಒಂದೊಂದು ಕಿಲೋಗೆ ದಿನಕ್ಕೆ ಒಂದು ಗ್ರಾಮಿನಷ್ಟಾದರೂ ಪ್ರೊಟೀನ್ ಬೇಕು. 50 ಕಿಲೋ ತೂಕದ ಅಜ್ಜಿಗೆ 50 ಗ್ರಾಂ. ಒಂದು ಹಿಡಿ ಶೇಂಗಾದಲ್ಲಿ ಏಳು ಗ್ರಾಂನಷ್ಟು ಸಿಗುತ್ತದೆ. ತಿಳಿಸಾರಿನಿಂದ ಈ ಲೆಕ್ಕ ಎಂದೂ ತುಂಬುವುದಿಲ್ಲ.

ಮಾಂಸಾಹಾರವಿಲ್ಲದ ಮನೆಗಳಲ್ಲಿ ವಿಟಮಿನ್ ಬಿ12 ಪರೀಕ್ಷೆಯನ್ನು ಮರೆಯಬೇಡಿ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಆಮ್ಲ ಕಡಿಮೆ ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಇಳಿಯುತ್ತದೆ. ಪಾದ ಜುಮುಗುಡುವುದು, ನಾಲಿಗೆ ಉರಿ, ಸುಸ್ತು, ಮರೆವು, ಬೇಸರ, ಇವುಗಳ ಹಿಂದೆ ಅದೊಂದೇ ಕೊರತೆ ಇರಬಹುದು. ಥೈರಾಯ್ಡ್ ಪರೀಕ್ಷೆಯೂ ಜೊತೆಗೇ ಆಗಲಿ.

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. ದವಾಖಾನೆಗೆ ಬರುವಾಗ ಚೀಟಿಯ ಬದಲು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ತುಂಬಿ ತರಲು ಹೇಳುತ್ತೇನೆ. ಸೀರೆ ಅಂಗಡಿಯ ಚೀಲದಿಂದ ಮೇಜಿನ ಮೇಲೆ ಸುರಿದಾಗ ಏನೇನು ಹೊರಬರುತ್ತದೆ ನೋಡಿ: ಒಂದೇ ಬಿ.ಪಿ. ಔಷಧ ಎರಡು ಕಂಪನಿಗಳ ಹೆಸರಿನಲ್ಲಿ, ದಿನವೂ ನುಂಗುತ್ತಿರುವ ಮೊಣಕಾಲು ನೋವಿನ ಗುಳಿಗೆ, ಯಾವಾಗಲೋ ಬರೆದುಕೊಟ್ಟು ನಿಲ್ಲಿಸಲು ಯಾರೂ ಹೇಳದ ನಿದ್ದೆ ಮಾತ್ರೆ, ನೆಗಡಿಗೆಂದು ತಂದ ಮಂಪರಿನ ಮಾತ್ರೆ, ಹೆಸರಿಲ್ಲದ ಪುಡಿಯ ಪೊಟ್ಟಣ. ನಿದ್ದೆ ಮತ್ತು ನೆಗಡಿಯ ಮಾತ್ರೆಗಳೇ ಸಾಕು, ಒಬ್ಬ ಚಟುವಟಿಕೆಯ ಹಿರಿಯರನ್ನು ಮೂಲೆಯಲ್ಲಿ ಕೂರಿಸಲು, ಬಚ್ಚಲಲ್ಲಿ ಬೀಳಿಸಲು. ನಿದ್ದೆ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ನೋವಿನ ಗುಳಿಗೆ ಮೂತ್ರಪಿಂಡವನ್ನು ಸದ್ದಿಲ್ಲದೆ ತಿನ್ನುತ್ತದೆ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಇವೆಲ್ಲ ಸರಿಯಿದ್ದೂ ಮೌನ ಕರಗದಿದ್ದರೆ ಮನಸ್ಸನ್ನು ಕೇಳಬೇಕು. ಈ ಪೀಳಿಗೆಯಲ್ಲಿ ಖಿನ್ನತೆ ದುಃಖದ ಮಾತಾಗಿ ಬರುವುದು ಕಡಿಮೆ. ಮೈಕೈ ನೋವಾಗಿ, ಹೊಟ್ಟೆಯುರಿಯಾಗಿ, ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ಹತ್ತದ ನಿದ್ದೆಯಾಗಿ ಬರುತ್ತದೆ. ಹೊಲದ ಕಡೆ ಹೋಗುವುದು, ಭಜನೆಗೆ ಹೋಗುವುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಎರಡು ವಾರಕ್ಕೂ ಮೀರಿ ನಿಂತಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. "ನಾನು ಭೂಮಿಗೆ ಭಾರ", "ದೇವರು ಯಾಕೆ ಕರೆದುಕೊಳ್ಳುತ್ತಿಲ್ಲ" ಎಂಬ ಮಾತನ್ನು ಮುದಿತನದ ಗೊಣಗಾಟವೆಂದು ತಳ್ಳಿಹಾಕಬೇಡಿ. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದವರೆದುರು ಅವರು ಹಗುರಾಗುತ್ತಾರೆ. ಹೊಲಕ್ಕೆ ತಂದ ಕೀಟನಾಶಕವನ್ನು ಅವರ ಕೈಗೆ ಸಿಗದಂತೆ ಬೀಗ ಹಾಕಿಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲೇ ಮಾತನಾಡಬಹುದು. ಖಿನ್ನತೆಯ ಔಷಧ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ಚಟ ಹಿಡಿಸುವುದಿಲ್ಲ, ಎಪ್ಪತ್ತೈದರಲ್ಲೂ ಗುಣ ಕಾಣುತ್ತದೆ.

ಬಾಗಲಕೋಟೆಯವರ ಮನಸ್ಸಿನ ಬಗ್ಗೆ ಬರೆಯುವಾಗ, ಆಲಮಟ್ಟಿಯ ಹಿನ್ನೀರಿಗೆ ಮನೆ ಹೊಲ ಬಿಟ್ಟುಕೊಟ್ಟ ಮುಳುಗಡೆಯನ್ನು ಬಿಡಲಾಗದು. ಹಳೆಯ ಊರಿನ ಕಿಲ್ಲಾದಲ್ಲಿ, ಪೇಟೆಯ ಓಣಿಗಳಲ್ಲಿ ಬೆಳೆದವರಿಗೆ ಮನೆ ಮುಂದಿನ ಕಟ್ಟೆಯೇ ಪಂಚಾಯಿತಿ, ಪತ್ರಿಕೆ, ಸಾಂತ್ವನ ಎಲ್ಲವೂ ಆಗಿತ್ತು. ಹೋಳಿಯ ಹಲಗೆ ಎತ್ತಿಕೊಂಡರೆ ಓಣಿಗೆ ಓಣಿಯೇ ಹೊರಬರುತ್ತಿತ್ತು. ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದಲ್ಲಿ ಅಗಲವಾದ ರಸ್ತೆ ಸಿಕ್ಕಿತು, ಸೆಕ್ಟರ್ ಸಂಖ್ಯೆ ಸಿಕ್ಕಿತು, ಆದರೆ ಒಂದೇ ಗೋಡೆಯ ಆಚೀಚೆ ಬಾಳಿದ ಮನೆತನಗಳು ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದವು. ಹಳ್ಳಿಗಳಲ್ಲಿ ಹೊಲ ಕಳೆದುಕೊಂಡವರ ಕೈಗೆ ಪರಿಹಾರದ ಹಣ ಬಂತು, ಬೆಳಗಾದರೆ ಮಾಡಬೇಕಾದ ಕೆಲಸ ಹೋಯಿತು. ಆಗ ದುಡಿಮೆಯ ಭರದಲ್ಲಿ ಅಳಲು ಪುರುಸೊತ್ತಿರಲಿಲ್ಲ. ಕೈ ಖಾಲಿಯಾದ ಈಗ ಆ ದುಃಖ ಮೇಲೆ ಬರುತ್ತಿದೆ. ಹಳೆಯ ಓಣಿಯ ಗೆಳೆಯರ ಮನೆಗೆ ವಾರಕ್ಕೊಮ್ಮೆ ಬೈಕಿನಲ್ಲಿ ಕರೆದೊಯ್ದು ಎರಡು ಗಂಟೆ ಬಿಟ್ಟುಬನ್ನಿ ಎಂದು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಮಾಡಿದವರು ಫಲ ಕಂಡಿದ್ದಾರೆ.

ಮನೆಯ ಲೆಕ್ಕ, ಬೀಜದ ಆಯ್ಕೆ, ಮದುವೆಯ ಮಾತುಕತೆ ಅವರ ಕಿವಿಗೂ ಬೀಳಲಿ, ಅವರ ಮಾತು ನಡೆಯಲಿ. "ಸುಮ್ಮನೆ ಕೂತು ಉಣ್ಣಿರಿ" ಎನ್ನುವುದು ಪ್ರೀತಿಯ ಮಾತೇ, ಆದರೆ ಕೂತರೆ ಕಾಲಿನ ಬಲವೂ ಹೋಗುತ್ತದೆ, ಮನಸ್ಸಿನ ಬಲವೂ ಹೋಗುತ್ತದೆ.

ಸೌಲಭ್ಯಗಳ ಬಗ್ಗೆ ಚುಟುಕಾಗಿ. ಶ್ರವಣ ಸಾಧನ, ಹಲ್ಲಿನ ಸೆಟ್ಟು, ಕನ್ನಡಕ, ಊರುಗೋಲುಗಳನ್ನು ಬಡ ಹಿರಿಯರಿಗೆ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದೆ. ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳ ವಿರುದ್ಧ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ದಾನಪತ್ರದಲ್ಲಿ ಆರೈಕೆಯ ಷರತ್ತನ್ನು ಸ್ಪಷ್ಟವಾಗಿ ಬರೆಸಿ, ರದ್ದುಪಡಿಸುವುದು ಸುಲಭವಾಗುತ್ತದೆ. ದಾರಿ ತೋಚದಾಗ ಹಿರಿಯರ ಸಹಾಯವಾಣಿ 14567.

ಇನ್ನು, ತಂದೆ ತಾಯಿಯನ್ನು ಬೆಂಗಳೂರಿಗೋ ಪುಣೆಗೋ ಕಾಯಂ ಆಗಿ ಕರೆದೊಯ್ಯಬೇಕೆಂದಿರುವ ಮಕ್ಕಳಿಗೆ ಒಂದು ಮಾತು. ಒಮ್ಮೆ ಊರು ಕಳೆದುಕೊಂಡವರಿಗೆ ಇದು ಎರಡನೆಯ ಮುಳುಗಡೆ. ಮೊದಲು ಎರಡು ಮೂರು ತಿಂಗಳು ಇದ್ದು ನೋಡಲಿ, ಬೇಡವೆನಿಸಿದರೆ ಮರಳುವ ದಾರಿ ತೆರೆದಿರಲಿ, ಇಲ್ಲಿಯ ಮನೆಯನ್ನು ಅದೇ ವರ್ಷ ಮಾರಬೇಡಿ. ಹೊಸ ಊರಿನಲ್ಲಿ ಅವರು ಒಬ್ಬರೇ ನಡೆದು ಹೋಗಬಹುದಾದ ಗುಡಿಯೋ ಮಠವೋ ಉದ್ಯಾನವೋ ಹತ್ತಿರವಿದೆಯೇ, ಕನ್ನಡದಲ್ಲಿ ಮಾತನಾಡುವ ಒಬ್ಬ ನೆರೆಯವರಾದರೂ ಇದ್ದಾರೆಯೇ ಎಂದು ಹೋಗುವ ಮೊದಲೇ ನೋಡಿಕೊಳ್ಳಿ. ಹೊರಡುವ ವಾರ ಎಲ್ಲ ವರದಿಗಳ ಪ್ರತಿಯೊಂದಿಗೆ ನಿಮ್ಮ ವೈದ್ಯರನ್ನು ಕಾಣಿರಿ. ಯಾವ ಮಾತ್ರೆ ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡು, ಅಲ್ಲಿ ನೋಡಲಿರುವ ವೈದ್ಯರಿಗೆ ಮೊದಲ ಭೇಟಿಯಲ್ಲೇ ಕೊಡಿ.