ಸಂಪ್ ಖಾಲಿ ಆಗ್ತಿದ್ರೂ ನಲ್ಲೀಲಿ ನೀರು ಬರ್ತಿರತ್ತೆ

ನಮ್ಮ ರೋಡಿನ ಕೊನೇ ಮನೆ ಆಂಟಿ ಲ್ಯಾಬ್ರಡಾರ್ ಮರಿ ತಂದು ಮೂರು ತಿಂಗಳಾಗಿತ್ತು. ದಿನಾ ಬೆಳಗ್ಗೆ ಎದ್ದು ಬೋನ್‌ಲೆಸ್ ಚಿಕನ್ನು, ಅಕ್ಕಿ, ಎರಡು ತುಂಡು ಕ್ಯಾರೆಟ್ಟು ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿ, ಬೆರಳಲ್ಲಿ ಮುಟ್ಟಿ ಬಿಸಿ ನೋಡಿ ಆಮೇಲೇ ಬಟ್ಟಲಿಗೆ ಹಾಕ್ತಿದ್ರು. ಒಂದಿನ ನೋಡ್ತೀನಿ, ಮರಿ ಮುಂಗಾಲೆರಡೂ ಬಿಲ್ಲಿನ ಥರ ಬಾಗಿವೆ, ಪಾದ ಅಗಲ ಆಗಿ ನೆಲಕ್ಕೆ ಅಂಟ್ಕೊಂಡಿದೆ, ಗೇಟ್ ಸದ್ದಾದ್ರೆ ಓಡಿ ಬರ್ತಿದ್ದಿದ್ದು ಈಗ ಎದ್ದು ನಿಲ್ಲೋಕೇ ಕಷ್ಟ ಪಡ್ತಿದೆ. ಬ್ಲಡ್ ಟೆಸ್ಟ್ ಮಾಡಿಸಿದ್ರೆ ಕ್ಯಾಲ್ಸಿಯಂ ನಾರ್ಮಲ್. ಎಕ್ಸ್‌ರೇಲಿ ಮಾತ್ರ ಮೂಳೆ ಎಷ್ಟು ಮಸುಕಾಗಿತ್ತು ಅಂದ್ರೆ ಸುತ್ತ ಇರೋ ಮಾಂಸ ಯಾವ್ದು, ಮೂಳೆ ಯಾವ್ದು ಅಂತ ಹುಡುಕಬೇಕಿತ್ತು. "ದಿನಾ ಚಿಕನ್ ಹಾಕಿದೀನಲ್ಲಪ್ಪ, ಇನ್ನೇನ್ ಕಮ್ಮಿ ಮಾಡ್ದೆ ನಾನು" ಅಂತ ಆಂಟಿ ಕಣ್ಣಲ್ಲಿ ನೀರು.

ಅವರದ್ದು ತಪ್ಪಲ್ಲ. ನಾಯಿ ಊಟ ಅಂದ ತಕ್ಷಣ ಈ ಊರಲ್ಲಿ ನಡೆಯೋ ಜಗಳ ಒಂದೇ, ವೆಜ್ಜಾ ನಾನ್‌ವೆಜ್ಜಾ. ನಾಯಿ ಅಂದ್ರೆ ತೋಳ, ಅದಕ್ಕೆ ಅನ್ನ ಹಾಕಲೇಬಾರ್ದು ಅಂತ ಒಬ್ರು. ನಮ್ಮ ತಾತನ ನಾಯಿ ಬರೀ ಮೊಸರನ್ನ ತಿಂದು ಹದಿನೈದು ವರ್ಷ ಬದುಕ್ತು ಅಂತ ಇನ್ನೊಬ್ರು. ಅನ್ನದ ವಿಷಯ 2013ರಲ್ಲೇ ಇತ್ಯರ್ಥ ಆಗಿದೆ. ಸ್ವೀಡನ್ನಿನ ಉಪ್ಸಲಾ ಯೂನಿವರ್ಸಿಟಿಯ ಎರಿಕ್ ಆಕ್ಸೆಲ್ಸನ್ ತಂಡದವರು ತೋಳದ್ದೂ ನಾಯಿದೂ ಜೀನ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರು. ಪಿಷ್ಟ ಜೀರ್ಣ ಮಾಡೋ ಅಮೈಲೇಸ್ ಅನ್ನೋ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ರೆ ನಾಯೀಲಿ ನಾಲ್ಕರಿಂದ ಮೂವತ್ತರವರೆಗೂ ಇತ್ತು. ಸಾವಿರಾರು ವರ್ಷ ನಮ್ಮ ಅಂಗಳದಲ್ಲಿ ಬಿದ್ದ ಅನ್ನ ರೊಟ್ಟಿ ತಿಂದೇ ನಾಯಿ ನಾಯಿ ಆಗಿದ್ದು. ಅನ್ನ ದಕ್ಕತ್ತೆ, ಬಿಡಿ.

ಬಟ್ಟಲಲ್ಲಿ ಇಲ್ದೇ ಇದ್ದಿದ್ದು ಕ್ಯಾಲ್ಸಿಯಂ. ನೂರು ಗ್ರಾಂ ಚಿಕನ್ ಮಾಂಸದಲ್ಲಿ ರಂಜಕ, ಅಂದ್ರೆ ಫಾಸ್ಫರಸ್, ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಹತ್ತೋ ಹನ್ನೆರಡೋ ಅಷ್ಟೇ. ನಾಯಿಗೆ ಬೇಕಾಗಿರೋದು ರಂಜಕಕ್ಕಿಂತ ಕ್ಯಾಲ್ಸಿಯಂ ಸ್ವಲ್ಪ ಜಾಸ್ತಿ, ಇಲ್ಲಿ ಸಿಗ್ತಿರೋದು ಇಪ್ಪತ್ತರಲ್ಲಿ ಒಂದು ಪಾಲು. ಅಕ್ಕಿ ಸೇರಿಸಿದ್ರೂ ಅದೇ ಕಥೆ. ಕಾಡಲ್ಲಿ ತೋಳ ಬೇಟೆ ತಿನ್ನೋವಾಗ ಮೂಳೆನೂ ಅಗಿಯತ್ತೆ, ನಾವು ಪ್ರೀತಿಯಿಂದ ಬೋನ್‌ಲೆಸ್ ತರ್ತೀವಿ.

ಸರಿ, ಹಾಗಾದ್ರೆ ಬ್ಲಡ್ ರಿಪೋರ್ಟ್ ಯಾಕೆ ನಾರ್ಮಲ್ ಬಂತು? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಬೆಂಗಳೂರಲ್ಲಿ ಮನೆ ಮಾಡಿದೋರಿಗೆ ಸಂಪು, ಮೋಟ್ರು, ಓವರ್‌ಹೆಡ್ ಟ್ಯಾಂಕ್ ಹೊಸದಾಗಿ ಹೇಳ್ಬೇಕಾಗಿಲ್ಲ. ರಕ್ತ ಅಂದ್ರೆ ಮೇಲಿನ ಟ್ಯಾಂಕು, ಮೂಳೆ ಅಂದ್ರೆ ಕೆಳಗಿನ ಸಂಪು, ಊಟದಲ್ಲಿ ಬರೋ ಕ್ಯಾಲ್ಸಿಯಂ ಕಾವೇರಿ ನೀರು. ಮೈಯಲ್ಲಿರೋ ಕ್ಯಾಲ್ಸಿಯಂನಲ್ಲಿ ಶೇಕಡ 99 ಸಂಪಲ್ಲೇ ಇರತ್ತೆ, ಟ್ಯಾಂಕಲ್ಲಿರೋದು ಚೂರೇ ಚೂರು, ಆದ್ರೆ ಹೃದಯ ಬಡಿಯೋಕೆ, ಸ್ನಾಯು ಬಿಗಿಯೋಕೆ, ನರ ಸುದ್ದಿ ಮುಟ್ಸೋಕೆ ಆ ಚೂರೇ ಬೇಕು, ಅದು ಇಳಿದ್ರೆ ಪ್ರಾಣಕ್ಕೇ ಕುತ್ತು. ಅದಕ್ಕೆ ಕತ್ತಲ್ಲಿ, ಥೈರಾಯ್ಡ್ ಪಕ್ಕ, ಪ್ಯಾರಾಥೈರಾಯ್ಡ್ ಅಂತ ನಾಲ್ಕು ಪುಟ್ಟ ಗ್ರಂಥಿಗಳು ಆಟೋಮ್ಯಾಟಿಕ್ ಮೋಟ್ರು ಥರ ಕೂತಿವೆ. ಟ್ಯಾಂಕಲ್ಲಿ ಒಂಚೂರು ಇಳೀತು ಅಂದ್ರೆ ಹಾರ್ಮೋನ್ ಬಿಟ್ಟು ಮೂಳೆಯಿಂದ ಎಳ್ಕೊಂಡು ಮೇಲಕ್ಕೆ ತುಂಬಿಸ್ತವೆ. ರಂಜಕ ಜಾಸ್ತಿ ಆದ್ರೆ ಮೋಟ್ರು ಇನ್ನೂ ಜೋರಾಗಿ ಓಡತ್ತೆ. ಕಾವೇರಿ ನಿಂತು ವಾರ ಆಗಿದ್ರೂ ಬಾತ್‌ರೂಮ್ ನಲ್ಲೀಲಿ ನೀರು ಜೋರಾಗೇ ಬರ್ತಿರತ್ತಲ್ಲ, ಬ್ಲಡ್ ಟೆಸ್ಟ್ ನೋಡೋದು ಆ ನಲ್ಲೀನ. ಎಕ್ಸ್‌ರೇ ನೋಡೋದು ಸಂಪಿನ ಮುಚ್ಚಳ ತೆಗೆದು. ಇಲ್ಲಾ ಹೀಗೆ ಯೋಚ್ನೆ ಮಾಡಿ, ಸಂಬಳ ಬರ್ದೇ ಇದ್ರೂ ಮನೆ ಖರ್ಚು ನಿಲ್ಲಲ್ಲ, ತಿಂಗಳಿಗೊಂದು ಒಡವೆ ಗಿರವಿ ಅಂಗಡಿಗೆ ಹೋಗತ್ತೆ, ಬೀದಿಯೋರಿಗೆ ಮನೆ ಚೆನ್ನಾಗೇ ನಡೀತಿರೋ ಥರ ಕಾಣತ್ತೆ, ಬೀರು ತೆಗೆದ್ರೆ ಮಾತ್ರ ಗೊತ್ತಾಗೋದು. ದೊಡ್ಡ ನಾಯಿಗೆ ಈ ಬೀರು ಖಾಲಿ ಆಗೋಕೆ ಎಷ್ಟೋ ಕಾಲ ಬೇಕು. ಬೆಳೆಯೋ ಮರಿಗೆ ಬೀರು ಇನ್ನೂ ತುಂಬೇ ಇರಲ್ಲ.

ಅಂದ ಹಾಗೆ ಮೂಳೆ ವಿಷಯ ಮನುಷ್ಯರಿಗೆ ಹೇಳ್ಕೊಟ್ಟಿದ್ದೇ ನಾಯಿಮರಿಗಳು. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಮಕ್ಕಳಲ್ಲಿ ಕಾಲು ಬಾಗೋ ರಿಕೆಟ್ಸ್ ಮನೆಮನೆಯಲ್ಲೂ ಇದ್ದಾಗ ಎಡ್ವರ್ಡ್ ಮೆಲನ್‌ಬಿ ಅನ್ನೋರು ಮರಿಗಳಿಗೆ ಓಟ್ಸ್ ಗಂಜಿ ಹಾಕಿ ಬೆಳೆಸಿದ್ರು, ಕಾಲು ಬಾಗ್ತು, ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ರೆ ಸರಿಹೋಯ್ತು. ಅದನ್ನ ಅವರು ಪ್ರಕಟ ಮಾಡಿದ್ದು 1919ರಲ್ಲಿ. ಆ ಎಣ್ಣೇಲಿ ಕೆಲಸ ಮಾಡಿದ್ದು ವಿಟಮಿನ್ ಎ ಇರ್ಬೇಕು ಅನ್ಕೊಂಡಿದ್ರು, ಬೇರೇದೇ ಒಂದು ಅಂತ 1922ರಲ್ಲಿ ಅಮೆರಿಕದ ಮೆಕಾಲಮ್ ತಂಡ ತೋರಿಸ್ತು, ಅದೇ ನಮ್ಮ ವಿಟಮಿನ್ ಡಿ. ಧಾನ್ಯದಲ್ಲಿರೋ ಫೈಟಿಕ್ ಆ್ಯಸಿಡ್ ಕ್ಯಾಲ್ಸಿಯಂನ ಗಟ್ಟಿಯಾಗಿ ಹಿಡ್ಕೊಳತ್ತೆ ಅಂತ್ಲೂ ಮೆಲನ್‌ಬಿ ಮುಂದೆ ಕಂಡ್ಕೊಂಡ್ರು.

ಈ ಫೈಟಿಕ್ ಆ್ಯಸಿಡ್ ನಮ್ಮ ರಾಗೀಲೂ ಇದೆ. ನೂರು ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರೋದು ನಿಜ, ಅದಕ್ಕೇ ಎಲ್ರೂ ಮರಿಗೆ ರಾಗಿ ಗಂಜಿ ಹಾಕಿ ಸಾಕು ಅಂತಾರೆ. ಲೆಕ್ಕ ಮಾಡಿ ನೋಡಿ. ಬೆಳೆಯೋ ಮರಿಗೆ ಪ್ರತಿ ಸಾವಿರ ಕ್ಯಾಲೊರಿ ಊಟಕ್ಕೆ ಮೂರು ಗ್ರಾಂ ಕ್ಯಾಲ್ಸಿಯಂ ಬೇಕು, ಆ ಸಾವಿರ ಕ್ಯಾಲೊರೀನೂ ರಾಗಿಯಿಂದಲೇ ಕೊಟ್ರೂ ಒಂದು ಗ್ರಾಂ ದಾಟೋದೇ ಕಷ್ಟ, ಅದರಲ್ಲೂ ಪೂರ್ತಿ ಮೈಗೆ ಹತ್ತಲ್ಲ. ರಾಗಿ ಹಾಕಿ, ಒಳ್ಳೇದೇ, ಅದನ್ನೇ ನಂಬ್ಕೊಂಡು ಕೂರ್ಬೇಡಿ.

ಟೆರೇಸಲ್ಲಿ ಬಿಸಿಲಿಗೆ ಬಿಟ್ರೆ ವಿಟಮಿನ್ ಡಿ ಸಿಗತ್ತೆ ಅನ್ನೋದೂ ನಾಯಿ ವಿಷಯದಲ್ಲಿ ನಡೆಯಲ್ಲ. ನಮ್ಮ ಚರ್ಮ ತಯಾರಿಸೋ ಥರ ನಾಯಿ ಚರ್ಮ ಅದನ್ನ ಬೇಕಾದಷ್ಟು ತಯಾರಿಸಲ್ಲ, ಊಟದಲ್ಲೇ ಬರ್ಬೇಕು. ಮೊಟ್ಟೆ ಹಳದೀಲಿ ಇದೆ. ಬೂತಾಯಿ ಮೀನು ಇನ್ನೂ ಒಳ್ಳೇದು, ಕುಕ್ಕರಲ್ಲಿ ಮುಳ್ಳು ಮೆತ್ತಗಾಗೋವರೆಗೂ ಬೇಯಿಸಿದ್ರೆ ಆ ಮುಳ್ಳಿನ ಕ್ಯಾಲ್ಸಿಯಂ ಕೂಡ ಸಿಗತ್ತೆ. ಚಿಕನ್ ಮೂಳೆ ಬೇಯಿಸಿ ಹಾಕ್ಬೇಡಿ, ಸೀಳಿ ಕರುಳಿಗೆ ಚುಚ್ಚತ್ತೆ. ಈರುಳ್ಳಿ ಹಾಕಿದ ಸಾರು ಹುಳಿ ಯಾವ್ದೂ ಬೇಡ, ಕೆಂಪು ರಕ್ತಕಣ ಒಡೆಯತ್ತೆ. ದ್ರಾಕ್ಷಿ, ಚಾಕೊಲೇಟ್ ಬೇಡ.

ಕ್ಯಾಲ್ಸಿಯಂಗೆ ಅಡುಗೆಮನೇಲೇ ದಾರಿ ಇದೆ, ಮೊಟ್ಟೆ ಸಿಪ್ಪೆ. ಒಂದು ಸಿಪ್ಪೇಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ. ಕುದಿಸಿ, ಒಣಗಿಸಿ, ಮಿಕ್ಸೀಲಿ ರಂಗೋಲಿ ಪುಡಿಗಿಂತ ನುಣ್ಣಗೆ ಮಾಡ್ಬೇಕು. ಮನೆ ಅಡುಗೆ ತಿನ್ನೋ ಹತ್ತು ಕೆಜಿ ವಯಸ್ಕ ನಾಯಿಗೆ ದಿನಕ್ಕೆ ಟೀ ಚಮಚದ ಮೂರನೇ ಒಂದು ಭಾಗ ಸಾಕಾಗತ್ತೆ. ಮರಿಗಳಿಗೆ ಮಾತ್ರ ದಯವಿಟ್ಟು ಡಾಕ್ಟರ್ ಹತ್ರ ತೂಕ ಹಾಕಿಸಿ ಕೇಳಿ, ಯಾಕಂದ್ರೆ ಚಿಕ್ಕ ಮರಿ ಕರುಳು ಬಂದಿದ್ದನ್ನೆಲ್ಲ ಒಳಗೆ ಬಿಟ್ಕೊಳತ್ತೆ, ಬೇಡ ಅನ್ನೋಕೆ ಇನ್ನೂ ಬರಲ್ಲ. ಗ್ರೇಟ್ ಡೇನ್‌ನಂಥ ದೊಡ್ಡ ಜಾತಿ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿ ಆದ್ರೂ ಮೂಳೆ ಕೆಡತ್ತೆ. ಪ್ಯಾಕೆಟ್ ಪಪ್ಪಿ ಫುಡ್ ಹಾಕ್ತಾ ಮೇಲಿಂದ ಕ್ಯಾಲ್ಸಿಯಂ ಸಿರಪ್ಪೂ ಕುಡಿಸೋರು ಇವತ್ತೇ ಸಿರಪ್ ನಿಲ್ಸಿ.

ಆಂಟಿ ಮನೇಲಿ ಈಗ ಉಪ್ಪಿನಕಾಯಿ ಜಾಡಿ ಪಕ್ಕ ಬಿಳಿ ಪುಡಿ ಡಬ್ಬಿ ಇದೆ, ಡಾಕ್ಟರ್ ಬರ್ಕೊಟ್ಟ ಅಳತೆ ಚೀಟೀನ ಮುಚ್ಚಳಕ್ಕೆ ಅಂಟಿಸಿದಾರೆ. ಎರಡು ತಿಂಗಳಾದ್ಮೇಲೆ ತೆಗೆಸಿದ ಎಕ್ಸ್‌ರೇಲಿ ಮೂಳೆ ಅಂಚು ಬೆಳ್ಳಗೆ ಕಾಣ್ತಿತ್ತು. ಎಡಗಾಲು ಸ್ವಲ್ಪ ಸೊಟ್ಟ ಉಳ್ಕೊಂಡಿದೆ, ಆದ್ರೂ ಗೇಟ್ ಸದ್ದಾದ್ರೆ ಮರಿ ಎದ್ದು ಬರತ್ತೆ.