ಪೈಲಟ್‌ ಕಿವಿಗೆ ಯಾರ ಹೆಡ್‌ಸೆಟ್?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನ ಇಳಿಯುವ ನಿಲ್ದಾಣವಿಲ್ಲ. ನಮಗೆ ಹತ್ತಿರದ್ದು ಶಿವಮೊಗ್ಗ. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಮೊದಲ ಪ್ರಯಾಣಿಕ ವಿಮಾನ, ಪ್ರೊಪೆಲ್ಲರ್‌ನ ಎಟಿಆರ್, ಅಲ್ಲಿ ಬಂದಿಳಿಯಿತು. ಆದರೆ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ ಮಗನನ್ನೋ ಮಗಳನ್ನೋ ಪೈಲಟ್ ತರಬೇತಿಗೆ ಸೇರಿಸಿದ ಮನೆಗಳು ಆಲ್ದೂರು, ಮೂಡಿಗೆರೆ ಕಡೆ ಇವೆ. ಆ ಮನೆಗಳಿಗೆ ಹೋದಾಗ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: ‘ಸದ್ದಡಗಿಸುವ ಹೆಡ್‌ಸೆಟ್‌ಗೆ ಲಕ್ಷ ರೂಪಾಯಿ ಆಗುತ್ತದಂತೆ. ಆಮೇಲೆ ಕೆಲಸಕ್ಕೆ ಸೇರಿದರೆ ಅದನ್ನು ಹಾಕಿಕೊಳ್ಳಲು ಬಿಡುವುದಿಲ್ಲವಂತೆ. ನಿಜವೇ?’

ಹೌದು ಎಂದರೂ ತಪ್ಪಾಗುತ್ತದೆ, ಇಲ್ಲ ಎಂದರೂ ತಪ್ಪಾಗುತ್ತದೆ. ಈ ಒಂದು ವಸ್ತುವಿನ ಮೇಲೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಯದಿಂದ ಹುಟ್ಟಿದ ನಿಯಮಗಳು ಬಂದು ಕೂತಿವೆ. ಅವನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು.

ಮೊದಲು ಯಂತ್ರದ ವಿಷಯ. ಹೆಡ್‌ಸೆಟ್ ಸದ್ದನ್ನು ಎರಡು ರೀತಿಯಲ್ಲಿ ತಡೆಯುತ್ತದೆ. ಒಂದು, ಬಟ್ಟಲಿನಂಥ ದಪ್ಪ ಕಪ್‌ನಿಂದ ಕಿವಿಯನ್ನು ಮುಚ್ಚುವುದು. ಶಿಳ್ಳೆಯಂಥ ಎತ್ತರದ ಸದ್ದಿಗೆ ಇಷ್ಟು ಸಾಕು. ಇನ್ನೊಂದು, ಕಪ್‌ನೊಳಗೆ ಪುಟ್ಟ ಮೈಕ್ ಇಟ್ಟು, ಒಳಬಂದ ಸದ್ದಿನ ಅಲೆಗೆ ಸರಿಯಾಗಿ ಉಲ್ಟಾ ಅಲೆಯನ್ನು ಹುಟ್ಟಿಸಿ ಎರಡೂ ಒಂದನ್ನೊಂದು ನುಂಗುವಂತೆ ಮಾಡುವುದು. ಇದಕ್ಕೆ ವಿದ್ಯುತ್ ಬೇಕು, ಮತ್ತು ಇದು ಪಳಗಿರುವುದು ಕೆಳಸ್ತರದ, ಒಂದೇ ಸಮ ಗುಂಯ್‌ಗುಡುವ ಸದ್ದಿನ ಮೇಲೆ. ಎಟಿಆರ್ 72 ವಿಮಾನದ ಪ್ರೊಪೆಲ್ಲರ್‌ಗೆ ಆರು ಅಲಗುಗಳು. ಟೇಕಾಫ್ ಹೊತ್ತಿಗೆ ಅದು ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಇಪ್ಪತ್ತು ಸುತ್ತು, ನೂರಿಪ್ಪತ್ತು ಬಡಿತ. ಈ 120 ಹರ್ಟ್ಸ್‌ನ ಗುಡುಗನ್ನು ಬರೀ ಸ್ಪಂಜು, ಪ್ಲಾಸ್ಟಿಕ್ಕು ತಡೆಯಲಾರವು. ಉಲ್ಟಾ ಅಲೆಯ ವಿದ್ಯೆ ಹೇಳಿ ಮಾಡಿಸಿದ್ದು ಇಂಥದ್ದಕ್ಕೇ.

ಆಲ್ದೂರಿನ ಬಳಿಯ ತೋಟವೊಂದರಲ್ಲಿ ಇದನ್ನು ನನ್ನ ಕಿವಿಯಿಂದಲೇ ಪರೀಕ್ಷಿಸುವ ಅವಕಾಶ ಸಿಕ್ಕಿತ್ತು. ಕೊಯ್ಲಿನ ಕಾಲ. ಕರೆಂಟ್ ಹೋಗಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಡೀಸೆಲ್ ಜನರೇಟರ್ ಹಚ್ಚಿದ್ದರು. ರಜೆಗೆ ಬಂದಿದ್ದ ಆ ಮನೆಯ ಹುಡುಗಿ, ಈಗ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್ (ಸಹ ಪೈಲಟ್), ತನ್ನ ಹೆಡ್‌ಸೆಟ್ ತಂದು ನನ್ನ ತಲೆಗೆ ಹಾಕಿ, ‘ಅಂಕಲ್, ಈಗ ಕೇಳಿ’ ಎಂದು ಗುಂಡಿ ಒತ್ತಿದಳು. ಜನರೇಟರಿನ ದಡದಡ ನೆಲದೊಳಗೆ ಇಳಿದುಹೋದಂತಾಯಿತು. ಆದರೆ ಹಣ್ಣು ಸುರಿದ ತಗಡಿನ ಡಬ್ಬ ಸಿಮೆಂಟಿಗೆ ತಾಗಿದ ಠಣ್ ಸದ್ದು, ಯಾರೋ ಯಾರನ್ನೋ ಕೂಗಿದ್ದು, ಎರಡೂ ತುಸು ದೂರದಿಂದ ಬಂದಂತೆ ಕೇಳುತ್ತಲೇ ಇದ್ದವು. ಗುಂಡಿ ಆರಿಸಿದೊಡನೆ ದಡದಡ ವಾಪಸ್ಸು ಎದೆಗೇ ಬಡಿಯಿತು. ಇಷ್ಟು ಹೊತ್ತು ಇದನ್ನು ಹೇಗೆ ಸಹಿಸಿಕೊಂಡಿದ್ದೆ ಎಂದು ಆಗ ಅನಿಸಿತು.

ಈ ವಿದ್ಯೆಯ ಮೂಲ ಹಳೆಯದು. ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಆಮೇಲಿನ ಸುಮಾರು ಐವತ್ತು ವರ್ಷ ಅದು ಕಾಗದದಲ್ಲಿ, ಪ್ರಯೋಗಾಲಯದಲ್ಲಿ ಉಳಿಯಿತು. 1978ರಲ್ಲಿ ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ ಎಂಜಿನ್ ಸದ್ದಿನ ನಡುವೆ ಸಂಗೀತ ಕೇಳಲಾಗದೆ ಬೇಸತ್ತ, ಬೋಸ್ ಆಡಿಯೊ ಕಂಪನಿಯ ಸ್ಥಾಪಕ ಅಮರ್ ಬೋಸ್, ಕೂತಲ್ಲೇ ಇದರ ಲೆಕ್ಕ ಹಾಕಲು ತೊಡಗಿದರು. 1984ರಲ್ಲಿ ಜರ್ಮನಿಯ ಏರ್‌ಲೈನ್ ಲುಫ್ತಾನ್ಸ ತನ್ನ ಪೈಲಟ್‌ಗಳಿಗಾಗಿ ಇಂಥದೇ ಸಾಧನ ಬೇಕೆಂದು ಸೆನ್‌ಹೈಸರ್ ಕಂಪನಿಯನ್ನು ಕೇಳಿತು. 1986ರ ಡಿಸೆಂಬರಿನಲ್ಲಿ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿಬಂದ ‘ವಾಯೇಜರ್’ ವಿಮಾನದ ಡಿಕ್ ರೂಟನ್ ಮತ್ತು ಜೀನಾ ಯೇಗರ್ ಅವರ ಜೊತೆ ಬೋಸ್‌ನ ಪ್ರಾಯೋಗಿಕ ಹೆಡ್‌ಸೆಟ್ ಹೋಗಿತ್ತು. 1989ರಲ್ಲಿ ಬೋಸ್ ಹೆಡ್‌ಸೆಟ್ ಅಂಗಡಿಗೆ ಬಂತು. ಗಮನಿಸಬೇಕಾದದ್ದು, ದೊಡ್ಡ ಏರ್‌ಲೈನ್ ಒಂದು ತನ್ನ ಸಿಬ್ಬಂದಿಯ ಕಿವಿಗಾಗಿ ಇದನ್ನು ಕೇಳಿಕೊಂಡ ಕಾಲವೂ ಇತ್ತು ಎಂಬುದನ್ನು. ಮುಂದೆ ಹೆಚ್ಚಿನ ಕಡೆ ಇದು ಪೈಲಟ್ ತನ್ನ ಜೇಬಿನಿಂದ ಕೊಳ್ಳುವ ವಸ್ತುವಾಯಿತು. ತೊಡಕೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಸ್ವಂತದ ವಸ್ತು ಎಂದ ಕೂಡಲೇ ಅದು ಇನ್ನೊಂದು ನಿಯಮದ ಕೈಗೆ ಸಿಗುತ್ತದೆ. 1961ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ, ಪ್ರಯಾಣಿಕರು ಒಯ್ಯುವ ಎಫ್‌ಎಂ ರೇಡಿಯೊಗಳು ದಾರಿ ತೋರುವ ಉಪಕರಣಗಳಿಗೆ ಅಡ್ಡಿ ಮಾಡುತ್ತವೆಂದು ಅವುಗಳನ್ನು ನಿಷೇಧಿಸಿತು. 1966ರಲ್ಲಿ ನಿಷೇಧ ಇತರ ಎಲೆಕ್ಟ್ರಾನಿಕ್ ವಸ್ತುಗಳಿಗೂ ಹಬ್ಬಿತು. ವಿನಾಯಿತಿ ಪಟ್ಟಿಯಲ್ಲಿ ಶ್ರವಣ ಸಾಧನ, ಪೇಸ್‌ಮೇಕರ್, ಧ್ವನಿಮುದ್ರಕ, ವಿದ್ಯುತ್ ಶೇವರ್ ಇದ್ದವು. ಉಳಿದ ಯಾವ ಸಾಧನದಿಂದ ತೊಂದರೆಯಿಲ್ಲ ಎಂದು ತೀರ್ಮಾನಿಸುವ ಹೊಣೆ ವಿಮಾನ ನಡೆಸುವ ಕಂಪನಿಯದು. ಬ್ಯಾಟರಿ ಹಾಕಿದ ಹೆಡ್‌ಸೆಟ್ ಈ ‘ಉಳಿದ’ ಗುಂಪಿಗೆ ಸೇರಿತು. ನಮ್ಮಲ್ಲಿ 1937ರ ವಿಮಾನ ನಿಯಮಗಳ 29ಬಿ ನಿಯಮ ಇದೇ ವಿಷಯದ್ದು. ವಿಮಾನದೊಳಗೆ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲಿ ಇಟ್ಟುಕೊಳ್ಳಲು ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಬಿಟ್ಟದ್ದು 2014ರಲ್ಲಿ ಎಂಬುದನ್ನು ನೆನೆದರೆ ಈ ಭಯದ ಆಯಸ್ಸು ತಿಳಿಯುತ್ತದೆ.

ಆದರೆ ಹೆಡ್‌ಸೆಟ್ ಮೊಬೈಲಿನಂತೆ ಬಿಡಿ ವಸ್ತುವೂ ಅಲ್ಲ. ಅದರ ತಂತಿ ವಿಮಾನದ ರೇಡಿಯೊ ಜಾಲಕ್ಕೇ ಹೋಗಿ ಸೇರುತ್ತದೆ. ಹಾಗಾದರೆ ಅದು ವಿಮಾನದ ಭಾಗವೇ, ಪೈಲಟ್ ಚೀಲದ ಸಾಮಾನೇ? ವಿಮಾನದ ಭಾಗವೆಂದರೆ ಅದಕ್ಕೆ ತಾಂತ್ರಿಕ ಮಾನದಂಡದ (ಎಫ್‌ಎಎ ಭಾಷೆಯಲ್ಲಿ ಟಿಎಸ್‌ಒ) ಮುದ್ರೆ ಬೇಕು. ಮೊದಲು ಹೆಡ್‌ಸೆಟ್‌ಗೆ ಟಿಎಸ್‌ಒ ಸಿ57, ಮೈಕ್‌ಗೆ ಸಿ58 ಎಂದು ಬೇರೆ ಬೇರೆ ಇದ್ದವು, ಆಮೇಲೆ ಸಿ139 ಎಂಬ ಒಂದೇ ಮಾನದಂಡದ ಕೆಳಗೆ ಬಂದವು. ಚೀಲದ ಸಾಮಾನು ಎಂದರೆ ಅದರ ದುರಸ್ತಿ, ತಪಾಸಣೆಯ ದಾಖಲೆ ಯಾವ ಎಂಜಿನಿಯರ್ ಬಳಿಯೂ ಇರುವುದಿಲ್ಲ. ಈ ಎರಡರ ನಡುವೆ ಹೆಡ್‌ಸೆಟ್ ಇವತ್ತಿಗೂ ತ್ರಿಶಂಕು.

ನನಗೆ ಹೆಚ್ಚು ಮುಖ್ಯವೆನಿಸುವ ಘಟ್ಟ 2000ದ ನಂತರದ ಹತ್ತು ಹದಿನೈದು ವರ್ಷ. ವಿಮಾನಕ್ಕೆಂದೇ ಮಾಡಿದ ಹೆಡ್‌ಸೆಟ್‌ಗಳು ಭಾರವಾಗಿದ್ದವು, ದುಬಾರಿಯಾಗಿದ್ದವು. ಅದೇ ಹೊತ್ತಿಗೆ ಸಂಗೀತ ಕೇಳುವವರಿಗಾಗಿ ಬಂದ ಸದ್ದಡಗಿಸುವ ಹೆಡ್‌ಫೋನ್‌ಗಳು ಹಗುರ, ಮೆತ್ತಗೆ, ಬೆಲೆಯೂ ಅರ್ಧಕ್ಕಿಂತ ಕಡಿಮೆ. ಅವಕ್ಕೆ ಮೈಕ್ ಇರಲಿಲ್ಲ, ಅಷ್ಟೇ. ಪಕ್ಕಕ್ಕೆ ಸಿಕ್ಕಿಸುವ ಕಡ್ಡಿ ಮೈಕ್‌ಗಳು ಮಾರುಕಟ್ಟೆಗೆ ಬಂದವು. ಹಲವು ದೇಶಗಳ ಪೈಲಟ್‌ಗಳು ಹೆಡ್‌ಫೋನ್‌ಗೆ ಮೈಕ್ ಸಿಕ್ಕಿಸಿ ಕಾಕ್‌ಪಿಟ್‌ನಲ್ಲಿ ಕೂತರು. ದಿನಕ್ಕೆ ಎಂಟು ಗಂಟೆ ತಲೆಯನ್ನು ಹಿಂಡುವ ಹಳೆಯ ಹೆಡ್‌ಸೆಟ್ ಹೊತ್ತವರು ಹೀಗೆ ಮಾಡಿದ್ದರಲ್ಲಿ ನನಗೆ ಉಡಾಫೆ ಕಾಣುವುದಿಲ್ಲ, ದಣಿವು ಕಾಣುತ್ತದೆ.

ಆದರೆ ಅಪಾಯವೂ ನಿಜವಾದದ್ದೇ. ಬೋಸ್‌ನ ಕ್ಯೂಸಿ15 ಹೆಡ್‌ಫೋನ್‌ನಲ್ಲಿ ಬ್ಯಾಟರಿ ಮುಗಿದರೆ ಸದ್ದಡಗಿಸುವುದಷ್ಟೇ ಅಲ್ಲ, ತಂತಿಯಲ್ಲಿ ಬರುವ ಧ್ವನಿಯೂ ನಿಂತುಹೋಗುತ್ತಿತ್ತು. ಸಂಗೀತ ಕೇಳುವವನಿಗೆ ಅದರಿಂದ ಕಿರಿಕಿರಿ. ಇಳಿಯಲು ಅನುಮತಿ ಕೇಳುತ್ತಿರುವ ಪೈಲಟ್‌ಗೆ ನಿಯಂತ್ರಣ ಗೋಪುರದ ಮಾತೇ ಇಲ್ಲ. ವಿಮಾನಕ್ಕೆಂದು ಮುದ್ರೆ ಪಡೆದ ಹೆಡ್‌ಸೆಟ್ ಬ್ಯಾಟರಿ ಸತ್ತರೂ ಸಾಧಾರಣ ಹೆಡ್‌ಸೆಟ್ ಆಗಿ ಮಾತು ಕೇಳಿಸುತ್ತಿರುತ್ತದೆ. ಮುದ್ರೆಯ ಬೆಲೆ ಏನೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ನನ್ನ ಬಳಿ ಇಲ್ಲ.

ಇನ್ನೊಂದು ಆತಂಕ ಎಚ್ಚರಿಕೆಯ ಸದ್ದುಗಳದ್ದು. ಕಾಕ್‌ಪಿಟ್‌ನಲ್ಲಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ. ವೇಗ ಮಿತಿ ಮೀರಿದರೆ ಒಂದು ಸದ್ದು, ಆಟೊಪೈಲಟ್ ಕಳಚಿಕೊಂಡರೆ ಇನ್ನೊಂದು. ಇವುಗಳಲ್ಲಿ ಅನೇಕವು ಬರುವುದು ಕಾಕ್‌ಪಿಟ್‌ನ ಸ್ಪೀಕರ್‌ನಿಂದ. 2005ರಲ್ಲಿ ಗ್ರೀಸ್‌ನಲ್ಲಿ ಹೀಲಿಯೋಸ್ 522 ವಿಮಾನ ಬಿದ್ದು 121 ಜನ ಸತ್ತಾಗ, ಗಾಳಿಯ ಒತ್ತಡ ಇಳಿದಿದೆ ಎಂದು ಸಾರುತ್ತಿದ್ದ ಹಾರ್ನ್ ಅನ್ನು ಸಿಬ್ಬಂದಿ ಬೇರೊಂದು ಎಚ್ಚರಿಕೆ ಎಂದುಕೊಂಡಿದ್ದರು. ಎರಡಕ್ಕೂ ಒಂದೇ ಸದ್ದಿತ್ತು. ಅಲ್ಲಿ ಹೆಡ್‌ಸೆಟ್‌ನ ದೋಷವೇನೂ ಇರಲಿಲ್ಲ. ಆದರೆ ಒಂದು ಸದ್ದು ಸರಿಯಾಗಿ ತಲುಪುವುದರ ಮೇಲೆ ಎಷ್ಟು ಪ್ರಾಣಗಳು ನಿಂತಿರುತ್ತವೆ ಎಂಬುದನ್ನು ಆ ದುರಂತ ಎಲ್ಲರಿಗೂ ಮನಗಾಣಿಸಿತು.

2007ರಲ್ಲಿ ಎಫ್‌ಎಎ ಇದರ ಬಗ್ಗೆ ಒಂದು ಮಾಹಿತಿ ಪತ್ರ ಹೊರಡಿಸಿತು. ಸದ್ದಡಗಿಸುವ ಗುಂಡಿ ಚಾಲೂ ಇರುವಾಗ ಎಚ್ಚರಿಕೆಯ ಸದ್ದುಗಳು, ಸುತ್ತಲಿನ ಇತರ ಸದ್ದುಗಳು ಕೇಳುತ್ತವೆಯೇ ಎಂದು ಕಂಪನಿಗಳು ಪರೀಕ್ಷಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಅದು ಆದೇಶವಲ್ಲ, ಸಲಹೆ. ಹಾಕಿಕೊಳ್ಳಬೇಡಿ ಎಂದು ಅದು ಹೇಳಲಿಲ್ಲ, ಪರೀಕ್ಷಿಸಿ ಎಂದಿತು. ಪರೀಕ್ಷೆ ಎಂದರೆ ಒಂದೊಂದು ಮಾದರಿಯ ವಿಮಾನದಲ್ಲಿ ಒಂದೊಂದು ಹೆಡ್‌ಸೆಟ್ ಇಟ್ಟು ಒಂದೊಂದು ಸದ್ದನ್ನೂ ಕೇಳಿ ನೋಡುವ ಕೆಲಸ. ಅಷ್ಟು ಶ್ರಮ, ಸಮಯ, ಹಣ ಎಲ್ಲಿಂದ ಬರಬೇಕು? ‘ಬೇಡ’ ಎಂದು ಒಂದು ಸಾಲು ಬರೆಯುವುದು ಸುಲಭದ ದಾರಿ. ಹೀಗೆ ಸಲಹೆಯೊಂದು ದಾರಿಯಲ್ಲೇ ನಿಷೇಧವಾಗಿ ಬದಲಾಗುತ್ತದೆ. ಇದರಲ್ಲಿ ಯಾರೊಬ್ಬರ ಕೆಟ್ಟ ಉದ್ದೇಶವೂ ಇಲ್ಲ. ಆದರೆ ಕಿವಿ ಮಾತ್ರ ಪೈಲಟ್‌ನದು.

ಇದಕ್ಕೆ ಸುತ್ತಿಕೊಂಡ ಇನ್ನೆರಡು ಎಳೆಗಳನ್ನು ಬೇಗ ಹೇಳಿಬಿಡುತ್ತೇನೆ. ಕೆಳ ಎತ್ತರದಲ್ಲಿ ಹಾರುವಾಗ ಬಾಯಿಯ ಮುಂದೆ ಅಥವಾ ಗಂಟಲ ಬಳಿ ಮೈಕ್ ಇರಲೇಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಅಮೆರಿಕದಲ್ಲಿ ಆ ಮಿತಿ 18,000 ಅಡಿ. ಅಪಘಾತವಾದರೆ ಕಾಕ್‌ಪಿಟ್ ಮಾತುಗಳ ಧ್ವನಿಮುದ್ರಿಕೆ ಸ್ಪಷ್ಟವಾಗಿರಬೇಕಲ್ಲ. ಹಾಗಾಗಿ ಮೈಕ್‌ನ ಗುಣಮಟ್ಟ ತನಿಖೆಗೂ ಸಂಬಂಧಿಸಿದ್ದು. ಎರಡನೆಯದು ಬ್ಲೂಟೂತ್. 2009ರ ಅಕ್ಟೋಬರಿನಲ್ಲಿ ನಾರ್ತ್‌ವೆಸ್ಟ್ 188 ವಿಮಾನದ ಪೈಲಟ್‌ಗಳು ಲ್ಯಾಪ್‌ಟಾಪ್‌ನಲ್ಲಿ ಮುಳುಗಿ ಮಿನಿಯಾಪೊಲಿಸ್ ದಾಟಿ ಹೋದ ಮೇಲೆ, ಕರ್ತವ್ಯಕ್ಕೆ ಸಂಬಂಧಿಸದ ವೈಯಕ್ತಿಕ ವೈರ್‌ಲೆಸ್ ಸಾಧನಗಳನ್ನು ಏರ್‌ಲೈನ್ ಕಾಕ್‌ಪಿಟ್‌ನಲ್ಲಿ ಬಳಸುವುದನ್ನು ಅಮೆರಿಕ 2014ರಲ್ಲಿ ನಿಷೇಧಿಸಿತು. ಫೋನಿನಿಂದ ಹಾಡು ಕೇಳಿಸಬಲ್ಲ ಹೆಡ್‌ಸೆಟ್ ಅಂದಿನಿಂದ ಇನ್ನಷ್ಟು ಅನುಮಾನಕ್ಕೆ ಗುರಿಯಾಯಿತು.

2018ರಲ್ಲಿ ಏರ್‌ಲೈನ್ ಕಾಕ್‌ಪಿಟ್‌ಗೆಂದೇ, ಮುದ್ರೆಯೊಂದಿಗೆ, ಹಗುರವಾದ ಬೋಸ್ ಹೆಡ್‌ಸೆಟ್ ‘ಪ್ರೊಫ್ಲೈಟ್’ ಬಂತು. ಸದ್ದಡಗಿಸುವ ಪ್ರಮಾಣವನ್ನು ಪೈಲಟ್ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾದ್ದರಿಂದ ಪಕ್ಕದವರ ಮಾತಿಗಾಗಿ ಒಂದು ಕಿವಿಯ ಕಪ್ ಸರಿಸಿ ಕೂರುವ ಹಳೆಯ ಅಭ್ಯಾಸಕ್ಕೂ ಅದು ಉತ್ತರ ಕೊಟ್ಟಿತು. ಎರಡು ವರ್ಷಕ್ಕೆ ಕೊರೊನಾ. ಒಬ್ಬರ ಬಾಯಿಗೆ ತಾಗಿದ ಮೈಕ್ ಇನ್ನೊಬ್ಬರ ಬಾಯಿಗೆ ಬೇಡ ಎಂಬ ಮಾತು ಮುಂದೆ ಬಂದಾಗ, ಸ್ವಂತ ಹೆಡ್‌ಸೆಟ್ ಎಂಬುದು ಶುಚಿತ್ವದ ವಿಷಯವೂ ಆಯಿತು.

ಇಷ್ಟೆಲ್ಲ ನಿಯಮಗಳ ನಡುವೆ ಕಿವಿಯ ಆರೋಗ್ಯಕ್ಕೆ ಎಷ್ಟು ಜಾಗ? ಜೆಟ್ ಕಾಕ್‌ಪಿಟ್‌ನ ಸದ್ದು ಸಾಮಾನ್ಯವಾಗಿ 75ರಿಂದ 80 ಡೆಸಿಬಲ್ ಆಸುಪಾಸು. ನಮ್ಮ ಕಾರ್ಖಾನೆಗಳ ಮಿತಿ ಎಂಟು ಗಂಟೆಗೆ 90. ಹಾಗಾಗಿ ಕಾಗದದ ಮೇಲೆ ಅಪಾಯವೇ ಇಲ್ಲ. ಆದರೆ ಆ ಸದ್ದಿನ ಮೇಲೆ ರೇಡಿಯೊ ಮಾತು ಕೇಳಬೇಕೆಂದರೆ ವಾಲ್ಯೂಮ್ ಏರಿಸಬೇಕು. ಕಿವಿಗೆ ಬೀಳುವುದು ಎರಡೂ ಸೇರಿದ ಸದ್ದು. ಹಿನ್ನೆಲೆ ತಗ್ಗಿದರೆ ವಾಲ್ಯೂಮ್ ತಾನಾಗಿ ತಗ್ಗುತ್ತದೆ. ಒಳ್ಳೆಯ ಹೆಡ್‌ಸೆಟ್‌ನ ದೊಡ್ಡ ಉಪಕಾರ ಇದು, ಮತ್ತು ಚರ್ಚೆಯಲ್ಲಿ ಕಡಿಮೆ ಕೇಳಿಬರುವ ಮಾತೂ ಇದೇ.

ವೈದ್ಯಕೀಯ ಪರೀಕ್ಷೆಯನ್ನೇ ನೋಡಿ. ಏರ್‌ಲೈನ್ ಪೈಲಟ್‌ಗೆ ಬೇಕಾದ ಮೊದಲ ದರ್ಜೆಯ ಪ್ರಮಾಣಪತ್ರಕ್ಕೆ ಅಂತರರಾಷ್ಟ್ರೀಯ ಮಾನದಂಡದಲ್ಲಿ 500, 1000, 2000 ಹರ್ಟ್ಸ್‌ನಲ್ಲಿ ಶ್ರವಣ ನಷ್ಟ 35 ಡೆಸಿಬಲ್ ಮೀರಬಾರದು, 3000 ಹರ್ಟ್ಸ್‌ನಲ್ಲಿ 50 ಮೀರಬಾರದು. ಗದ್ದಲದಿಂದ ಕೆಡುವ ಕಿವಿ ಸಾಮಾನ್ಯವಾಗಿ ಮೊದಲು ಸೋಲುವುದು 4000 ಹರ್ಟ್ಸ್ ಸುತ್ತ. ಅದು ಈ ಅಳತೆಯ ಆಚೆಗಿದೆ. ಅಂದರೆ ಹಾನಿ ಶುರುವಾದ ಮೇಲೂ ಪೈಲಟ್ ಪಾಸಾಗುತ್ತಾ ಹೋಗುತ್ತಾನೆ. ಹಾನಿ ಕೆಳಗಿಳಿದು 3000, 2000ಕ್ಕೆ ಮುಟ್ಟಿದ ದಿನ ಪ್ರಮಾಣಪತ್ರಕ್ಕೇ ಕುತ್ತು ಬರುತ್ತದೆ, ಅದರೊಂದಿಗೆ ಅನ್ನಕ್ಕೂ.

ಹಾಗಾಗಿ ಆಲ್ದೂರು, ಮೂಡಿಗೆರೆಯ ಪೋಷಕರಿಗೆ ನಾನು ಹೇಳುವುದು ಇಷ್ಟು. ಜಕ್ಕೂರಿನಂಥ ತರಬೇತಿ ಶಾಲೆಗಳ ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳಲ್ಲಿ ಸದ್ದು ಜೆಟ್‌ಗಿಂತ ಬಹಳ ಹೆಚ್ಚು; ಕಿವಿಯ ರಕ್ಷಣೆ ಅಲ್ಲಿಂದಲೇ ಶುರುವಾಗಲಿ. ಕೊಳ್ಳುವುದಾದರೆ ಟಿಎಸ್‌ಒ ಮುದ್ರೆ ಇರುವುದನ್ನೇ ಕೊಳ್ಳಿ, ಮೈಕ್ ಸಿಕ್ಕಿಸಿದ ಸಂಗೀತದ ಹೆಡ್‌ಫೋನ್ ಬೇಡ. ಬ್ಯಾಟರಿ ತೆಗೆದಿಟ್ಟು ಮಾತು ಕೇಳುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಪ್ಲಗ್ ಬಗ್ಗೆಯೂ ವಿಚಾರಿಸಿ: ತರಬೇತಿ ವಿಮಾನಗಳಲ್ಲಿ ಎರಡು ಪ್ಲಗ್‌ಗಳ ಜೋಡಿ, ಏರ್‌ಬಸ್‌ನಲ್ಲಿ ಐದು ಪಿನ್ನಿನ ಒಂದೇ ಪ್ಲಗ್. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯ ಕಾರ್ಯಾಚರಣೆ ಕೈಪಿಡಿಯಲ್ಲಿ ಯಾವ ಮಾದರಿಗೆ ಒಪ್ಪಿಗೆ ಇದೆ ಎಂದು ಬರಹದಲ್ಲೇ ನೋಡಬೇಕು, ಸಹೋದ್ಯೋಗಿಗಳ ಬಾಯಿಮಾತು ಸಾಲದು. ಮತ್ತು ಶ್ರವಣ ಪರೀಕ್ಷೆಗೆ ಹೋದಾಗಲೆಲ್ಲ 4000 ಹರ್ಟ್ಸ್‌ನ ಅಂಕಿಯನ್ನೂ ಕೇಳಿ ಬರೆಸಿಕೊಂಡು, ಮೊದಲ ಪರೀಕ್ಷೆಯ ಹಾಳೆಯ ಜೊತೆಗೇ ಇಟ್ಟುಕೊಳ್ಳಲಿ.