ಹಾಟ್ ಟಬ್ಬಿಗೆ ಕರೆಂಟು: ಎಂಸಿಬಿ ಇದ್ದರೆ ಸಾಕೇ?

ಪ್ರಶ್ನೆ: ಮನೆಯ ಹೊರಗೆ ಹಾಟ್ ಟಬ್ ಇಡಿಸುತ್ತಿದ್ದೇವೆ. ಬಚ್ಚಲುಮನೆಯ ಗೀಸರ್ ಲೈನು ಹತ್ತಿರದಲ್ಲೇ ಇದೆ. ಅದರಿಂದಲೇ ಕನೆಕ್ಷನ್ ಎಳೆಸಬಹುದೇ? 32 ಆಂಪಿಯರಿನ ಒಳ್ಳೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿಯೇ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿಸುತ್ತೇವೆ, ಅರ್ಥಿಂಗೂ ಇದೆ. ಇಷ್ಟಿದ್ದರೆ ಶಾಕ್ ಹೊಡೆಯುವ ಭಯ ಇಲ್ಲ ತಾನೇ?

ಉತ್ತರ: ಗೀಸರ್ ಲೈನಿನಿಂದ ಎಳೆಸಬೇಡಿ. ಭಯದ ಮಾತಿಗೆ ಬಂದರೆ, ಭಯ ಇದೆ. ಈ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಒಳ್ಳೆಯ ಎಂಸಿಬಿ’ ಅನ್ನುವ ಮಾತಂತೂ ಒಮ್ಮೆಯೂ ತಪ್ಪಿದ್ದಿಲ್ಲ. ಬರೀ ‘ಸಾಲದು’ ಎಂದು ಹೇಳಿ ಹೇಳಿ ಸಾಕಾಗಿದೆ, ಯಾರೂ ನಂಬುವುದಿಲ್ಲ. ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ಮೊದಲು ಲೋಡಿನ ವಿಷಯ ಬೇಗ ಮುಗಿಸೋಣ. ಹೀಟರ್ 3 ಕಿಲೋವ್ಯಾಟ್, ತಲಾ 1.5 ಕಿಲೋವ್ಯಾಟಿನ ಎರಡು ಪಂಪು, ಗುಳ್ಳೆ ಎಬ್ಬಿಸುವ ಬ್ಲೋವರ್ 0.7 ಎಂದಿಟ್ಟುಕೊಳ್ಳಿ. ಒಟ್ಟು 6.7 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಅದು 29 ಆಂಪಿಯರ್. ಗೀಸರ್ ಸ್ವಲ್ಪ ಹೊತ್ತು ಓಡಿ ತಾನಾಗಿಯೇ ಆಫ್ ಆಗುತ್ತದೆ, ಟಬ್ ಹಾಗಲ್ಲ. 1200 ಲೀಟರ್ ನೀರನ್ನು 20 ಡಿಗ್ರಿಯಿಂದ 38ಕ್ಕೆ ಏರಿಸಲು 25 ಯೂನಿಟ್ ಬೇಕು. ಅಂದರೆ ಹೀಟರ್ ಎಂಟು ಗಂಟೆಗೂ ಮೀರಿ ಒಂದೇ ಸಮನೆ ಓಡಬೇಕು. ಅಷ್ಟು ಹೊತ್ತಿನಲ್ಲಿ ಎಲ್ಲೋ ಒಂದು ಟರ್ಮಿನಲ್ ಸ್ಕ್ರೂ ಸಡಿಲವಿದ್ದರೂ ಆ ಜಾಗ ಕಾದು ಕರಗುತ್ತದೆ.

ಆದ್ದರಿಂದ ಮೇನ್ ಬೋರ್ಡಿನಿಂದ ಟಬ್ಬಿಗೆಂದೇ ಪ್ರತ್ಯೇಕ ಲೈನ್ ಬರಬೇಕು, ನಡುವೆ ಎಲ್ಲೂ ಜಾಯಿಂಟ್ ಇರಬಾರದು. ಬೋರ್ಡಿನಿಂದ ಟಬ್ಬಿಗೆ 30 ಮೀಟರ್ ದೂರ ಇದ್ದು 2.5 ಚದರ ಮಿ.ಮೀ. ತಾಮ್ರದ ಕೇಬಲ್ ಎಳೆದರೆ, ಹೋಗಿ ಬರುವ ದಾರಿಯಲ್ಲೇ ಸುಮಾರು 13 ವೋಲ್ಟ್ ಕಳೆದುಹೋಗುತ್ತದೆ. 370 ವ್ಯಾಟಿನಷ್ಟು ಶಾಖ ಕೇಬಲ್ಲಿನಲ್ಲೇ ಹುಟ್ಟುತ್ತದೆ. 6 ಚದರ ಮಿ.ಮೀ. ಹಾಕಿದರೆ ನಷ್ಟ ಐದೂವರೆ ವೋಲ್ಟಿಗೆ ಇಳಿಯುತ್ತದೆ. ಮಣ್ಣಿನಡಿ ಹೋಗುವುದಾದರೆ ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ಲೇ ಇರಲಿ, ಸುಮಾರು 60 ಸೆಂ.ಮೀ. ಆಳದಲ್ಲಿ, ಮೇಲೆ ಎಚ್ಚರಿಕೆಯ ಟೇಪ್ ಹಾಸಿ. ಪ್ಲಗ್ ಚುಚ್ಚಿ ಬಳಸುವ ಚಿಕ್ಕ ಟಬ್ಬುಗಳೂ ಇವೆ. ಅವುಗಳಲ್ಲಿ ಹಲವು ಜೆಟ್ ಪಂಪ್ ಜೋರಾಗಿ ಓಡುವಾಗ ಹೀಟರನ್ನು ನಿಲ್ಲಿಸಿ ಲೋಡನ್ನು ಹಿಡಿತದಲ್ಲಿಡುತ್ತವೆ. ಅವಕ್ಕೂ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಈಗ ಎಂಸಿಬಿ. ಅದು ಕಾಯುವುದು ವೈರನ್ನು. ನಿಮ್ಮನ್ನು ಕಾಯಲು ಅದನ್ನು ಯಾರೂ ಮಾಡಿಲ್ಲ. ಅದರ ಮುಖದ ಮೇಲೆ ‘ಸಿ 32’ ಎಂದು ಅಚ್ಚಾಗಿರುತ್ತದೆ, ನೋಡಿ. 32 ಅಂದರೆ ಅಷ್ಟು ಆಂಪಿಯರನ್ನು ಅದು ದಿನವಿಡೀ ಆರಾಮವಾಗಿ ಬಿಡುತ್ತದೆ. 36 ಹರಿದರೂ ಒಂದು ಗಂಟೆಯ ತನಕ ಬೀಳುವ ಹಾಗಿಲ್ಲ. 46ರ ಮೇಲೆ ಹೋದರೆ ಗಂಟೆಯೊಳಗೆ ಬೀಳಲೇಬೇಕು. ‘ಸಿ’ ಅಂದರೆ ಕಣ್ಣು ಮಿಟುಕಿಸುವುದರೊಳಗೆ ಬೀಳಬೇಕಾದರೆ 5ರಿಂದ 10 ಪಟ್ಟು ಕರೆಂಟು ಬೇಕು, ಅಂದರೆ 160ರಿಂದ 320 ಆಂಪಿಯರ್.

ಇನ್ನು ಮನುಷ್ಯನ ಲೆಕ್ಕ. ನೀರಿನಲ್ಲಿ ನೆನೆದ ಮೈಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸಾವಿರ ಓಮ್ ಎಂದು ಹಿಡಿಯಿರಿ, ಅದಕ್ಕಿಂತ ಕಡಿಮೆಯೂ ಇರಬಹುದು. 230 ವೋಲ್ಟ್ ತಾಗಿದರೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಸುಮಾರು 10 ಮಿಲಿಆಂಪಿಯರಿಗೇ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿರುವವನಿಗೆ ಮುಳುಗಲು ಅಷ್ಟೇ ಸಾಕು. 30 ಮಿಲಿಆಂಪಿಯರ್ ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಲಯವೇ ತಪ್ಪಬಹುದು. 230 ಮಿಲಿಆಂಪಿಯರ್ ಅಂದರೆ ಸಾವು. ಎಂಸಿಬಿಗೆ ಅದು ಒಂದು ಆಂಪಿಯರಿನ ಕಾಲು ಭಾಗವೂ ಅಲ್ಲ, ಒಂದು ಬಲ್ಬು ಹೊತ್ತಿದಷ್ಟೇ. 32ರ ಬದಲು 16 ಹಾಕಿಸಿದರೂ, 6 ಹಾಕಿಸಿದರೂ, ಎಷ್ಟೇ ದುಬಾರಿಯದ್ದು ತಂದರೂ ಅದು ಬೀಳುವುದಿಲ್ಲ. ಕೆಟ್ಟಿದೆ ಎಂದಲ್ಲ, ಅದರ ಕೆಲಸವೇ ಬೇರೆ.

ಇಲ್ಲಿಗೆ ಬಂದಾಗ ಎಲ್ಲರೂ ಕೇಳುವುದು, ‘ಆದರೆ ಅರ್ಥಿಂಗ್ ಇದೆಯಲ್ಲ?’ ಎಂದು. ಸರಿ, ಅದನ್ನೂ ನೋಡೋಣ. ಟಬ್ಬಿನ ಪಕ್ಕ ಒಂದು ಅರ್ಥ್ ರಾಡ್ ಹುಗಿದಿದ್ದೀರಿ, ಅದರ ರೋಧ 20 ಓಮ್. ಹೀಟರಿನ ಎಲಿಮೆಂಟ್ ಒಡೆದು ಫೇಸ್ ಲೋಹದ ಮೈಗೆ ತಾಗಿತು. ರಾಡಿನ ಮೂಲಕ ಮಣ್ಣಿಗೆ ಹರಿಯುವುದು 230 ಭಾಗಿಸು 20, ಅಂದರೆ ಹನ್ನೊಂದೂವರೆ ಆಂಪಿಯರ್. 32ರ ಎಂಸಿಬಿ ಅಲುಗುವುದೂ ಇಲ್ಲ. ಟಬ್ಬಿನ ಲೋಹದ ಭಾಗಗಳು, ಅವುಗಳ ಜತೆ ನೀರೂ, 200 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತವೆ. ಗಂಟೆಗಟ್ಟಲೆ. ಹೊರಗೆ ಯಾವ ಗುರುತೂ ಕಾಣುವುದಿಲ್ಲ, ಮೀಟರ್ ಮಾತ್ರ ಜೋರಾಗಿ ಓಡುತ್ತಿರುತ್ತದೆ. ಹಾಗಿದ್ದರೆ ಈ ನಂಬಿಕೆ ಎಲ್ಲಿಂದ ಬಂತು? ಅದಕ್ಕೂ ಕಾರಣ ಇದೆ. ಸಪ್ಲೈ ಜತೆಗೇ ಅರ್ಥ್ ತಂತಿ ಬರುವ ಕಡೆ ಇಡೀ ದಾರಿ ಲೋಹದ್ದೇ ಆಗಿರುತ್ತದೆ. ಅಲ್ಲಿ ಅರ್ಧ ಓಮ್ ಅಂದರೂ 460 ಆಂಪಿಯರ್ ನುಗ್ಗಿ ಎಂಸಿಬಿ ಆ ಕ್ಷಣವೇ ಬೀಳುತ್ತದೆ. ಅದನ್ನು ಕಂಡವರು ‘ಎಂಸಿಬಿ ಜೀವ ಉಳಿಸಿತು’ ಎಂದರು, ಆ ಮಾತು ಹಾಗೇ ಉಳಿದುಬಿಟ್ಟಿತು. ಅಂಥ ಕಡೆಯೂ ಸಿಪ್ಪೆ ಸುಲಿದ ವೈರನ್ನು ಒದ್ದೆ ಕೈ ನೇರವಾಗಿ ಮುಟ್ಟಿದರೆ ಮತ್ತೆ ಅದೇ 0.23 ಆಂಪಿಯರ್.

ಜೀವ ಕಾಯುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ಎಡೆಬಿಡದೆ ಲೆಕ್ಕ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೂ ಹೆಚ್ಚೆಂದರೆ 0.3 ಸೆಕೆಂಡಿನಲ್ಲಿ ಕಡಿಯುತ್ತದೆ. ಸೋರಿಕೆ 150 ಆದರೆ 0.04 ಸೆಕೆಂಡು ಸಾಕು. ಮೇಲಿನ ಹನ್ನೊಂದೂವರೆ ಆಂಪಿಯರಿನ ಉದಾಹರಣೆಯಲ್ಲಿ, ಯಾರೂ ನೀರಿಗಿಳಿಯುವ ಮೊದಲೇ, ಎಲಿಮೆಂಟ್ ಒಡೆದ ಕ್ಷಣವೇ ಅದು ಬಿದ್ದಿರುತ್ತದೆ. ಅರ್ಥಿಂಗಿನ ನಿಜವಾದ ಬೆಲೆ ಇಲ್ಲಿದೆ: ಸೋರಿಕೆಗೆ ನಿಮ್ಮ ಮೈ ಬಿಟ್ಟು ಬೇರೆ ದಾರಿ ಕೊಟ್ಟು, ಆರ್‌ಸಿಸಿಬಿಗೆ ಮೊದಲೇ ಸುಳಿವು ಸಿಗುವಂತೆ ಮಾಡುತ್ತದೆ. ಆರ್‌ಸಿಸಿಬಿಗೂ ಮಿತಿ ಇದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಓವರ್‌ಲೋಡೂ ಅದಕ್ಕೆ ತಿಳಿಯದು, ಹಾಗಾಗಿ ಎಂಸಿಬಿಯೂ ಇರಲೇಬೇಕು. ಎರಡೂ ಸೇರಿದ್ದು ಬೇಕೆಂದರೆ ಆರ್‌ಸಿಬಿಓ ಸಿಗುತ್ತದೆ.

ಕೊಳ್ಳುವಾಗ ಅದರ ಮುಖ ಓದಿ. 0.03 ಆಂಪಿಯರ್ ಎಂದಿರಬೇಕು. 0.1 ಅಥವಾ 0.3 ಇರುವುದು ಬೆಂಕಿ ತಡೆಯಲು, ಮನುಷ್ಯನಿಗಲ್ಲ. ಪಕ್ಕದಲ್ಲಿ ಚಿಕ್ಕ ಚೌಕದೊಳಗೆ ಅಲೆಯ ಚಿತ್ರ ಇರುತ್ತದೆ. ಒಂದೇ ಅಲೆ ಇದ್ದರೆ ಎಸಿ ಟೈಪು, ಅಲೆಯ ಕೆಳಗೆ ಅರ್ಧ ಅಲೆಗಳೂ ಇದ್ದರೆ ಎ ಟೈಪು. ಟಬ್ಬಿನ ಎಲೆಕ್ಟ್ರಾನಿಕ್ ಕಂಟ್ರೋಲಿನಿಂದ ಸೋರುವ ಕರೆಂಟಿನ ಅಲೆ ವಿರೂಪಗೊಂಡಿರಬಹುದು, ಎಸಿ ಟೈಪು ಅದನ್ನು ಗುರುತಿಸದೆ ಹೋಗಬಹುದು. ಎ ಟೈಪನ್ನೇ ತನ್ನಿ. ಟಬ್ಬಿನ ಕೈಪಿಡಿ ಇನ್ನೂ ಬೇರೆ ಟೈಪು ಕೇಳಿದ್ದರೆ ಅದನ್ನೇ ಹಾಕಿಸಿ. ಹಾಕಿದ ದಿನವೇ ಸುಮ್ಮಸುಮ್ಮನೆ ಬೀಳುತ್ತಿದೆಯೇ? ಟಬ್ಬಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿಯಿಂದ ತೆಗೆಯದೆ ಮೇನ್ ಬೋರ್ಡಿನ ಸಾಮಾನ್ಯ ನ್ಯೂಟ್ರಲ್ ಪಟ್ಟಿಗೆ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿಸಿ. ‘ಪೀಸ್ ಸರಿಯಿಲ್ಲ, ಬೈಪಾಸ್ ಮಾಡೋಣ’ ಅನ್ನುವವರನ್ನು ಅಲ್ಲಿಂದಲೇ ಕಳಿಸಿಬಿಡಿ.

ಟಬ್ಬಿನ ಹತ್ತಿರ, ಕಣ್ಣಿಗೆ ಕಾಣುವ ಕಡೆ ಲೈನನ್ನು ಪೂರ್ತಿ ಕಡಿಯುವ ಒಂದು ಐಸೊಲೇಟರ್ ಸ್ವಿಚ್ ಇರಲಿ. ಆದರೆ ನೀರಿನಲ್ಲಿ ಕೂತವರ ಕೈಗೆ ಎಟುಕಬಾರದು. ಅಂತರರಾಷ್ಟ್ರೀಯ ಮಾನದಂಡ ಈಜುಕೊಳದ ಅಂಚಿನಿಂದ 2 ಮೀಟರ್ ದೂರವನ್ನು ಒಂದು ವಲಯ, ಅದರಾಚೆಯ ಒಂದೂವರೆ ಮೀಟರನ್ನು ಇನ್ನೊಂದು ವಲಯ ಎಂದು ಗುರುತಿಸಿದೆ. ಸ್ವಿಚ್ಚು, ಸಾಕೆಟ್ಟುಗಳನ್ನು ಮೊದಲ ವಲಯದ ಆಚೆಗೇ ಇಡಿ. ಅಮೆರಿಕದ ನಿಯಮಗಳು ಬೇರೆ, ಆರ್‌ಸಿಸಿಬಿಯಂತೆಯೇ ಸೋರಿಕೆ ನೋಡುವ ಅಲ್ಲಿನ ಜಿಎಫ್‌ಸಿಐ 5 ಮಿಲಿಆಂಪಿಯರಿನ ಸುತ್ತಮುತ್ತಲೇ ಕಡಿಯುತ್ತದೆ. ನಿಮ್ಮಲ್ಲಿನ ನಿಯಮ ಗೊತ್ತಿರುವ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಈ ಕೆಲಸ ಮಾಡಬೇಕು.

ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕರೆಂಟಿನ ಸಂಬಂಧವೇ ಇಲ್ಲದ ಆಸರೆಗೆ ಹಿಡಿಯುವ ಕಬ್ಬಿಣದ ಕಂಬಿಗೆ ವೈರ್ ಯಾಕೆ ಕಟ್ಟಬೇಕು? ಬರಿಗಾಲಲ್ಲಿ ಒದ್ದೆ ಕಾಂಕ್ರೀಟಿನ ಮೇಲೆ ನಿಂತು ಟಬ್ಬಿನ ನೀರಿಗೆ ಕೈ ಹಾಕಿದಾಗ ಜುಮ್ಮೆನ್ನುವುದುಂಟು. ಟಬ್ ಕೆಟ್ಟಿರಬೇಕೆಂದಿಲ್ಲ, ಆರ್‌ಸಿಸಿಬಿ ಬೀಳುವುದೂ ಇಲ್ಲ. ಕೆಲವು ಸಪ್ಲೈಗಳಲ್ಲಿ ಅರ್ಥ್ ಮತ್ತು ನ್ಯೂಟ್ರಲ್ ಒಂದೇ ತಂತಿಯಲ್ಲಿ ಬಂದು ಮನೆಯ ಹತ್ತಿರ ಬೇರೆಯಾಗುತ್ತವೆ. ರಸ್ತೆಯಲ್ಲಿ ಆ ತಂತಿ ಕಡಿದರೆ ಮನೆಯ ಅರ್ಥೇ ವೋಲ್ಟೇಜಿಗೇರುತ್ತದೆ, ಅದಕ್ಕೆ ಜೋಡಿಸಿದ ಟಬ್ಬಿನ ಲೋಹವೂ ಏರುತ್ತದೆ. ಕಾಲಡಿಯ ನೆಲ ಮಾತ್ರ ಸೊನ್ನೆಯಲ್ಲೇ ಇರುತ್ತದೆ. ಇಂಥ ಸಪ್ಲೈ ಇರುವ ಕಡೆ ಟಬ್ಬನ್ನು ಮನೆಯ ಅರ್ಥಿಗೆ ಸೇರಿಸದೆ ಅದಕ್ಕೆ ಬೇರೆಯೇ ರಾಡ್ ಕೊಡುವುದುಂಟು. ಆಗ 20 ಓಮಿನ ಕಥೆ ಮತ್ತೆ ಬರುತ್ತದೆ, ಆರ್‌ಸಿಸಿಬಿ ಇಲ್ಲದೆ ಗತಿಯೇ ಇಲ್ಲ.

ನೆಲ, ನೀರು, ಕಂಬಿ, ಏಣಿ ಎಲ್ಲವೂ ಒಂದೇ ವೋಲ್ಟೇಜಿನಲ್ಲಿದ್ದರೆ ಮೈಯಲ್ಲಿ ಕರೆಂಟು ಹರಿಯಲು ಕಾರಣವೇ ಇರುವುದಿಲ್ಲ. ಇದಕ್ಕೇ ಬಾಂಡಿಂಗ್ ಅನ್ನುವುದು. ಟಬ್ಬಿನ ಲೋಹದ ಭಾಗ, ಆಸರೆಯ ಕಂಬಿ, ಕಾಂಕ್ರೀಟಿನೊಳಗಿನ ಕಬ್ಬಿಣದ ಬಲೆ ಇವನ್ನೆಲ್ಲ ತಾಮ್ರದ ವೈರಿನಿಂದ ಒಂದಕ್ಕೊಂದು ಜೋಡಿಸಬೇಕು. ವೈರು 4 ಚದರ ಮಿ.ಮೀ.ಗಿಂತ ತೆಳ್ಳಗಿರಬಾರದು, ನಿಮ್ಮಲ್ಲಿನ ನಿಯಮ ಹೆಚ್ಚು ಕೇಳಿದರೆ ಹೆಚ್ಚೇ ಹಾಕಿ. ಟಬ್ ಕೂರಿಸುವ ಕಟ್ಟೆಗೆ ಕಾಂಕ್ರೀಟ್ ಸುರಿಯುವ ದಿನ ಎಲೆಕ್ಟ್ರಿಷಿಯನ್ ಅಲ್ಲಿರಲಿ. ಬಲೆಗೆ ಬಿಗಿದ ವೈರಿನ ತುದಿಯನ್ನು ಅವತ್ತೇ ಹೊರಗೆ ಬಿಡಿಸಿಕೊಳ್ಳದಿದ್ದರೆ, ಆಮೇಲೆ ಕಟ್ಟೆ ಒಡೆದೇ ತೆಗೆಯಬೇಕಾಗುತ್ತದೆ.